ತಿಂಗಳಲ್ಲಿ ಹತ್ತು ದಿನ

ಪಕ್ಕದ ಮನೆಯ ಆಂಟಿಯ ಬಲಗೈ ತೋರುಬೆರಳು ತುದಿಯಲ್ಲಿ ಕೊಂಚ ಸೊಟ್ಟಗಿತ್ತು. ಬ್ಲ್ಯಾಕ್‌ಟೌನಿನ ಔಷಧಿ ಅಂಗಡಿಯೊಂದರಲ್ಲಿ ಬಹಳ ವರ್ಷ ಫಾರ್ಮಸಿಸ್ಟ್ ಆಗಿದ್ದವರು. ನಿವೃತ್ತಿಯ ಮೇಲೂ ಬಟಾಣಿ ಬಿಡಿಸಲು ಕೂತರೆ ಆ ಬೆರಳು ಕಾಳುಗಳನ್ನು ಮಾತ್ರೆಗಳ ಹಾಗೆ ಐದೈದಾಗಿ ಸರಿಸುತ್ತಿತ್ತು. ಧಾರವಾಡದ ಮಾತು, ದೊಡ್ಡ ದನಿ. ಕ್ವೇಕರ್ಸ್ ಹಿಲ್ ಬಡಾವಣೆಗೆ ಬಂದ ಹೊಸತರಲ್ಲಿ ನಾನು ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ನನ್ನ ಕಿರುಚಾಟ ಬೇಲಿಯಾಚೆ ಕೇಳಿಸಿರುತ್ತದೆ ಎಂಬ ನಾಚಿಕೆ.

ತಿಂಗಳಲ್ಲಿ ಇಪ್ಪತ್ತು ದಿನ ನಾನು ಚಾಟ್ಸ್‌ವುಡ್ಡಿನ ಆಫೀಸಿನಲ್ಲಿ ನಗುನಗುತ್ತ ಕೆಲಸ ಮಾಡುವ ಹೆಂಗಸು. ಮುಟ್ಟಿಗೆ ಹತ್ತು ದಿನ ಮುಂಚೆ ಬೇರೆ ಯಾರೋ ನನ್ನೊಳಗೆ ಬಂದು ಕೂರುತ್ತಿದ್ದರು. ಲೋಟ ಬಿದ್ದರೆ ರೇಗಾಟ, ಆಮೇಲೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಳು. ಒಬ್ಬ ಡಾಕ್ಟರು "ಸ್ಟ್ರೆಸ್, ಯೋಗ ಮಾಡಿ" ಎಂದು ಕಳಿಸಿದ್ದರು.

ಒಂದು ಗುರುವಾರ, ಮಗಳನ್ನು ಸ್ಕೂಲಿನಿಂದ ಕರೆತರುತ್ತಿದ್ದೆ. ಗಂಡ ಕೆಲಸದ ಮೇಲೆ ಮೆಲ್ಬರ್ನಿಗೆ ಹೋಗಿದ್ದರು. ಹಿಂದಿನ ಸೀಟಿನಲ್ಲಿ ಅವಳು ಜ್ಯೂಸ್ ಚೆಲ್ಲಿದಳು. ನಾನು ಕಿರುಚಿದೆ, ಅದು ನನ್ನ ದನಿಯೆಂದು ನನಗೇ ಗುರುತು ಸಿಗಲಿಲ್ಲ. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಆಗ ತಲೆಯಲ್ಲಿ ಬಹಳ ತಣ್ಣಗೆ ಒಂದು ಯೋಚನೆ ಬಂತು: ನಾನಿಲ್ಲದಿದ್ದರೆ ಈ ಮಗು ಸುಖವಾಗಿರುತ್ತದೆ. ಹೇಗೋ ಮನೆ ಮುಟ್ಟಿ, ನೇರ ಆಂಟಿಯ ಬಾಗಿಲು ಬಡಿದೆ.

"ಇವಳನ್ನ ಇಟ್ಕೊಳ್ಳಿ ಆಂಟಿ. ನನ್ನ ಜೊತೆ ಬಿಡ್ಬೇಡಿ. ನನ್ನ ಕಂಡ್ರೆ ನಂಗೇ ಭಯ ಆಗ್ತಿದೆ."

ಅವರು ಮಗಳನ್ನು ಟಿವಿ ಮುಂದೆ ಕೂರಿಸಿ, ನನ್ನನ್ನು ಅಡುಗೆಮನೆಗೆ ಕರೆದೊಯ್ದು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: "ಸಾಯಬೇಕು ಅನಸ್ಲಿಕತ್ತದೇನು?"

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

"ಮುಟ್ಟು ಯಾವಾಗ ಅದ?"

"ಎರಡು ಮೂರು ದಿನದಲ್ಲಿ."

ಅವರು ನನ್ನ ಕೈ ಹಿಡಿದುಕೊಂಡರು. ನನ್ನ ಕೈ ಬಿಡದೆಯೇ ನನ್ನ ಗಂಡನಿಗೆ ಫೋನ್ ಮಾಡಿದರು: "ಈಗಿಂದೀಗ ಫ್ಲೈಟ್ ಹತ್ತು. ಇಕಿ ನನ್ನ ಕಡೆ ಇದ್ದಾಳ." ಆಮೇಲೆ ಮಗಳನ್ನೂ ಕೂರಿಸಿಕೊಂಡು ತಾವೇ ಕಾರು ಓಡಿಸಿ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದೊಯ್ದರು. ಗಂಡ ಬಂದು ಸೇರುವವರೆಗೂ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ.

ಮೂರನೆಯ ದಿನ ಮುಟ್ಟಾಯಿತು. ಮನಸ್ಸು ತಿಳಿಯಾಯಿತು. ಆಸ್ಪತ್ರೆಯವರು ಹೇಳಿದ್ದ ಡಾಕ್ಟರ ಅಪಾಯಿಂಟ್‌ಮೆಂಟ್ ಬೇಡ, ಈಗ ಆರಾಮಾಗಿದ್ದೇನೆ ಎಂದು ಆಂಟಿಯ ಮನೆಗೆ ಹೋಗಿ ಹೇಳಿದೆ.

"ಈಗ ಆರಾಮ ಇದ್ದೀ. ಮುಂದಿನ ತಿಂಗಳ ಮತ್ತ ಬರ್ತದ," ಎಂದವರು ನನ್ನ ಎದುರಿಗೆ ಕೂತು, "ನನ್ನ ತಂಗಿಗೂ ಹಿಂಗ ಆಗ್ತಿತ್ತು. ಮನ್ಯಾಗ ಎಲ್ಲಾರೂ ಕೊಬ್ಬು ಅಂದ್ರು. ನಾನೂ ಅಂದೆ. ಒಂದ್ ಸಲಾನೂ ಕೇಳಲಿಲ್ಲ ಅಕಿನ್ನ," ಎಂದರು. ತಂಗಿ ಏನಾದಳೆಂದು ಹೇಳಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ್ದ ಹುಡುಗಿಯ ಫೋಟೋ ನೋಡಿದರು.

ಆಂಟಿ ಎರಡು ತಿಂಗಳು ನನ್ನಿಂದ ದಿನದಿನದ ಮನಃಸ್ಥಿತಿ ಬರೆಸಿದರು. ಹೊಸ ಡಾಕ್ಟರು ಆ ಹಾಳೆಗಳನ್ನು ನೋಡಿ ಪಿಎಂಡಿಡಿ, ಅಂದರೆ ಮುಟ್ಟಿಗೆ ಮುಂಚೆ ಮನಸ್ಸು ತೀರಾ ಕುಸಿಯುವ ಕಾಯಿಲೆ, ಎಂದರು. ಎಲ್ಲ ಹೆಂಗಸರಲ್ಲೂ ಆಗುವ ಹಾರ್ಮೋನಿನ ಏರಿಳಿತವೇ ಇದು, ಕೆಲವರ ಮಿದುಳು ಅದನ್ನು ತಾಳಿಕೊಳ್ಳುವುದಿಲ್ಲ, ಚಿಕಿತ್ಸೆಯಿದೆ ಎಂದು ಬಿಡಿಸಿ ಹೇಳಿದರು. ನನಗೆ ಮಾತ್ರೆಯೆಂದರೆ ಇನ್ನೊಂದು ಹೆದರಿಕೆ.

"ಹುಚ್ಚಿಗೆ ಕೊಡೋದಲ್ವಾ ಆಂಟಿ ಇದು?"

"ನಾ ಬಿಪಿಗೆ ತಗೊಳ್ಳಂಗಿಲ್ಲೇನು? ತಲೀನೂ ಮೈಯಾಗ ಇರೋದ ಅಲ್ಲ?"

ಮೊದಲ ಮಾತ್ರೆ ಒಗ್ಗಲಿಲ್ಲ. ಡಾಕ್ಟರು ಬದಲಿಸಿಕೊಟ್ಟದ್ದು ಒಗ್ಗಿತು. ಆ ಹತ್ತು ದಿನಗಳು ಈಗಲೂ ಬರುತ್ತವೆ, ಆದರೆ ಅಷ್ಟು ಆಳಕ್ಕೆ ಎಳೆಯುವುದಿಲ್ಲ.

ಆಮೇಲೆ ಆಂಟಿ ಮಗನ ಹತ್ತಿರ ಮೆಲ್ಬರ್ನಿಗೆ ಹೋದರು. ಪ್ರತಿ ತಿಂಗಳೂ ಆ ದಿನಗಳಲ್ಲಿ ತಪ್ಪದೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಕಳೆದ ಚಳಿಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅದಾಗಿ ಮೂರು ವಾರಕ್ಕೆ ಅವರ ಮಗನ ಫೋನ್ ಬಂತು. ನಾನು ಆ ಹತ್ತು ದಿನಗಳಲ್ಲಿದ್ದೆ.

"ಅಮ್ಮನ ಫೋನ್‌ನಲ್ಲಿ ನಿಮ್ಮ ಹೆಸರಲ್ಲಿ ರಿಮೈಂಡರ್ ಬಂತು. 'ಕೇಳು' ಅಂತ ಅಷ್ಟೇ ಇದೆ. ಸಾರಿ, ಏನು ಕೇಳ್ಬೇಕು ಗೊತ್ತಾಗ್ಲಿಲ್ಲ."

"ಹೆದರಿಕೆ ಆಗ್ತಿದೆಯಾ ಅಂತ ಕೇಳಿ," ಎಂದೆ.

ಅವನು ಕೇಳಿದ.

"ಆಗ್ತಿದೆ," ಎಂದೆ.