ಅಕ್ಕನ ಸೀಟಿನಲ್ಲಿ ನಾನು ಮಲಗಿದ್ದೆ

ಅಕ್ಕಾ, ಆ ಸೀಟು ನಿನಗೆ ಕೊಟ್ಟಿದ್ದರು. ನಾನು ಕಿತ್ತುಕೊಂಡೆ. ನಾಲ್ಕು ವರ್ಷ ಈ ಎರಡು ಮಾತು ನಾನು ನಿನಗೆ ಹೇಳಲಿಲ್ಲ.

ಮರದ ಗೊಂಬೆ ಮಾಡಿ ತೋರಿಸಲು ಕಿನ್ನಾಳದ ನಮ್ಮ ಮನೆಗೆ ಲಂಡನ್ನಿನ ಕರಕುಶಲ ಮೇಳದಿಂದ ಕರೆ ಬಂದದ್ದು ನಿನ್ನ ಹೆಸರಿಗೆ. ನೀನು ದೊಡ್ಡ ಸೊಸೆ. ಅತ್ತೆ ಹೋದ ಮೇಲೆ ದೇವಿಯ ಮೂರ್ತಿಗೆ ಕಣ್ಣು ಬರೆಯುವ ಹಕ್ಕು ನಿನ್ನೊಬ್ಬಳದೇ. ನಾನು ಸಣ್ಣ ಸೊಸೆ, ಪಿಯುಸಿ ಓದಿದವಳು. ನಾಲ್ಕು ಮಾತು ಹಿಂದಿ, ಇಂಗ್ಲಿಷ್ ಬರುತ್ತದೆಂದು ಜೊತೆಗೆ ಕಳಿಸಿದರು. ನಿನ್ನ ಪರವಾಗಿ ಮಾತಾಡುವುದು, ಅಷ್ಟೇ ನನ್ನ ಕೆಲಸ — ಅದನ್ನೇ ನಾನು ನೆಟ್ಟಗೆ ಮಾಡಲಿಲ್ಲ.

ಮುಂಬೈಯಲ್ಲಿ ವಿಮಾನ ಹತ್ತುವ ಮುಂಚೆ ಕೌಂಟರಿನ ಹುಡುಗಿ ನನ್ನನ್ನು ಕರೆದಳು. ಹಿಂದೆ ಸೀಟು ಸಾಲುತ್ತಿಲ್ಲ, ನಿಮ್ಮಿಬ್ಬರಲ್ಲಿ ಒಬ್ಬರನ್ನು ಬಿಸಿನೆಸ್ ಕ್ಲಾಸಿಗೆ ಕಳಿಸುತ್ತೇವೆ, ದುಡ್ಡೇನೂ ಬೇಡ ಎಂದಳು. ನೀನು ಆಚೆ ಕುರ್ಚಿಯಲ್ಲಿ ಮೊಣಕಾಲು ತಿಕ್ಕಿಕೊಳ್ಳುತ್ತಾ ಕುಳಿತಿದ್ದೆ. ಹುಡುಗಿ ನಿನ್ನತ್ತ ನೋಡಿ, ಅಮ್ಮನಿಗೇ ಕೊಡೋಣ, ಅಲ್ಲಿ ಕಾಲು ಚಾಚಿ ಮಲಗಬಹುದು ಎಂದಳು. ಹಿಂದಿಯಲ್ಲಿ, ಸ್ಪಷ್ಟವಾಗಿ. ನನಗೆ ಪೂರಾ ಅರ್ಥವಾಗಿತ್ತು.

ನಾನು ಏನಂದೆ ಗೊತ್ತೇ? ಆಕೆಗೆ ಅಲ್ಲಿಯದೇನೂ ತಿಳಿಯುವುದಿಲ್ಲ, ಗಾಬರಿಯಾಗುತ್ತಾಳೆ, ನನಗೇ ಕೊಡಿ ಎಂದೆ. ಒಂದು ಕ್ಷಣ ಯೋಚಿಸಿದ್ದರೆ — ಇಲ್ಲ, ಯೋಚನೆಯೇ ಬೇಕಾಗಲಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಂತು.

"ಏನಂತಾಳವಾ ಆ ಹುಡುಗಿ?" ಎಂದು ನೀನು ಕೇಳಿದೆ.

"ನನ್ನ ಸೀಟು ಬ್ಯಾರೆ ಕಡೆ ಬಂದೈತಂತಕ್ಕ. ನೀ ಒಬ್ಬಾಕಿನ ಕುಂದ್ರು, ನಾ ಆಗಾಗ ಬಂದು ನೋಡ್ತೀನಿ."

"ಹೌದಾ? ಅಂಜಬ್ಯಾಡ ನೀಲಾ, ಹೋಗು," ಎಂದೆ. ನೀನು ನನಗೇ ಧೈರ್ಯ ಹೇಳಿದೆ!

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಅಲ್ಲಿ ಗುಂಡಿ ಒತ್ತಿದರೆ ನಾನು ಕಾಲು ಚಾಚಿದಷ್ಟೂ ಹಾಸಿಗೆ ಬೆಳೆಯಿತು. ಯವ್ವಾ ಎಂದು ಕೂಗಿಯೇಬಿಟ್ಟೆ. ಹದಿನಾಲ್ಕು ವರ್ಷ ನೀನು ಉಂಡ ಮೇಲೆ ಉಂಡವಳು, ನೀನು ಆರಿಸಿ ಬಿಟ್ಟ ಸೀರೆ ಉಟ್ಟವಳು — ಇದೊಂದು ಸಲ ನಾನು ಮುಂದೆ ಎಂದು ಒಳಗೊಳಗೇ ಹಿಗ್ಗಿದೆ. ನೆಪ ಹೇಳುತ್ತಿಲ್ಲ ಅಕ್ಕಾ, ಹೊಟ್ಟೆಯಲ್ಲಿದ್ದ ಕಿಚ್ಚನ್ನು ಹೇಳುತ್ತಿದ್ದೇನೆ. ನಿನ್ನ ನೆನಪಾಯಿತು. ನಡುವೆ ಒಂದು ಪರದೆಯಷ್ಟೇ ಇತ್ತು. ಆಮೇಲೆ ಹೋದರಾಯಿತು ಎಂದುಕೊಂಡು ನಿದ್ದೆಹೋದೆ.

ಇಳಿದಾಗ ನೀನು ಎಲ್ಲರಿಗಿಂತ ಕೊನೆಗೆ ಬಂದೆ, ಗೋಡೆ ಹಿಡಿದುಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು. ಪಾದಗಳು ಎಷ್ಟು ಊದಿದ್ದವೆಂದರೆ ಕಾಲುಂಗುರ ಕಾಣುತ್ತಿರಲಿಲ್ಲ.

"ಎರಡೂ ಬಾಜೂಕ ಗಂಡಸರವಾ. ಏಳ್ರಿ ಅಂತ ಹೆಂಗ ಹೇಳ್ಲಿ? ನೀರು ಕುಡದ್ರ ಏಳಬೇಕಾಕ್ಕೈತಿ ಅಂತ ಅದನ್ನೂ ಬಿಟ್ಟೆ. ನೀ ಬರ್ತಿ ಅಂತ ಕುಂತಿದ್ದೆ."

ನೀ ಬರ್ತಿ ಅಂತ — ನಾನು ನಿನ್ನ ಕೈಯಿಂದ ಚಪ್ಪಲಿ ಇಸಿದುಕೊಂಡು ಮುಂದೆ ನಡೆದೆ.

ಮರುದಿನ ಮೇಳದಲ್ಲಿ ಜನ ಸುತ್ತ ನೆರೆದಿದ್ದರು. ಕಣ್ಣು ಬರೆಯಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮೂರ್ತಿಯನ್ನು ತೊಡೆಯ ಮೇಲಿಟ್ಟು, ಮೊಣಕಾಲಿಗೆ ಮೊಣಕೈ ಊರಬೇಕು. ಆಗಲೇ ಕುಂಚ ಅಲುಗದು. ನೀನು ಮೂರು ಸಲ ಕೂರಲು ನೋಡಿದೆ. ಊದಿದ ಕಾಲು ಮಡಚಲು ಬರಲಿಲ್ಲ. ಯಾರೋ ಕುರ್ಚಿ ತಂದರು. ಕುರ್ಚಿಯಲ್ಲಿ ನಿನ್ನ ಕೈಗೆ ಆಸರೆಯೇ ಇರಲಿಲ್ಲ. ಕೊನೆಗೆ ನೀನು ಕುಂಚ ನನ್ನ ಕೈಗಿಟ್ಟೆ. "ಕಣ್ಣು ನೀನ ಬರಿ," ಎಂದೆ. ಕದ್ದು ಹಳೆಯ ಹಲಗೆಗಳ ಮೇಲೆ ಬರೆದು ಕಲಿತಿದ್ದೆ ನಾನು. ಬರೆದೆ. ಚಪ್ಪಾಳೆ, ಫೋಟೋ, ಊರಿಗೆ ಬಂದ ಮೇಲೆ ಕೊಪ್ಪಳದಲ್ಲಿ ಶಾಲು, ಎಲ್ಲವೂ ನನಗೆ.

ನಿನ್ನ ಬಾವು ಎಂಟು ದಿನಕ್ಕೆ ಇಳಿಯಿತು. ಆದರೆ ನೀನು ಮತ್ತೆ ಕಣ್ಣು ಬರೆಯಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕೇಳದಿರುವುದೇ ನನಗೆ ಲಾಭವಾಗಿತ್ತು.

ಹೋದ ವಾರ ಗಂಗಾವತಿಯಿಂದ ಗಂಡಹೆಂಡತಿ ಬಂದು, ದೇವಿಯ ಕಣ್ಣು ನಿನ್ನ ಕೈಯಿಂದಲೇ ಆಗಬೇಕೆಂದರು. ನಾನು ಒಳಗೆ ಬಣ್ಣ ಕಲಸುತ್ತಿದ್ದೆ. ನೀನು ಅವರಿಗೆ ಹೇಳಿದ್ದು ಕೇಳಿಸಿತು:

"ಇಲ್ರಿ. ಲಂಡನ್ನಿನ್ಯಾಗ ಅಷ್ಟು ಮಂದಿ ಮುಂದ ಆ ದೇವಿ ತಾಯಿನ ನನ್ನ ಕುಂದ್ರಗೊಡಲಿಲ್ಲ. ನಿನ್ನ ಕೈ ಸಾಕು ಅಂದ್ಲು. ನನ್ನಿಂದ ಏನು ತಪ್ಪಾಗಿತ್ತೋ ಏನೋ, ತಿಳೀವಲ್ದು. ಆಕಿ ಬ್ಯಾಡ ಅಂದ ಮ್ಯಾಲ ಕುಂಚ ಹೆಂಗ ಹಿಡೀಲ್ರಿ? ನಮ್ಮ ನೀಲಾ ಬರೀತಾಳ."

ಬಣ್ಣದ ಬಟ್ಟಲು ಕೈಯಿಂದ ಜಾರಿತು. ನಾಲ್ಕು ವರ್ಷ! ನಾಲ್ಕು ವರ್ಷ ನೀನು ನಿನ್ನ ತಪ್ಪನ್ನು ಹುಡುಕುತ್ತಾ ಕುಳಿತಿದ್ದೆಯಾ? ನನ್ನ ಸುಳ್ಳನ್ನು ದೇವಿಯ ಮಾತೆಂದು ತಲೆಯ ಮೇಲೆ ಹೊತ್ತು — ನಾನು ಅದೇ ಮನೆಯಲ್ಲಿ ನಿನ್ನೆದುರಿಗೇ ಉಣ್ಣುತ್ತಿದ್ದೆನಲ್ಲ!

ಗಂಗಾವತಿಯವರ ಮೂರ್ತಿಗೆ ನಾನು ಕಣ್ಣು ಬರೆಯುವುದಿಲ್ಲ. ನಿನಗೆ ಓದು ಬಾರದು, ಅದಕ್ಕೆ ನಾಳೆ ಬೆಳಿಗ್ಗೆ ಇದನ್ನು ನಿನ್ನೆದುರು ಕುಳಿತು ನಾನೇ ಓದುತ್ತೇನೆ. ಕೇಳಿ ನೀನು ಬೈದರೂ ಸರಿ, ಜನ್ಮದಲ್ಲಿ ನನ್ನ ಮುಖ ನೋಡದಿದ್ದರೂ ಸರಿ. ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ. ಇಷ್ಟು ಮಾತ್ರ ನಿನಗೆ ಗೊತ್ತಾಗಬೇಕು. ತಾಯಿ ನಿನ್ನನ್ನು ಬೇಡ ಅನ್ನಲಿಲ್ಲ ಅಕ್ಕಾ. ಬೇಡ ಅಂದವಳು ನಾನು.