ಕಮಲಾಪುರದ ಏಳು ಸ್ಲೈಡುಗಳು

ಟಕ್, ಟಕ್, ಟಕ್, ಟಕ್. ನೂರು ಸಲ ಟಕ್ ಎಂದ ಮೇಲೆ ಒಂದು ಸಲ ಟಿಣ್. ನನ್ನ ಆಯುಷ್ಯದ ಒಳ್ಳೆಯ ಭಾಗವೆಲ್ಲ ಈ ಸದ್ದಿನಲ್ಲಿ ಕಳೆಯಿತು ಎಂದರೆ ನೀವು ನಗಬಹುದು. ಬೇರೆ ಹೆಂಗಸರಿಗೆ ಕೂಸಿನ ಗೆಜ್ಜೆಯ ಸದ್ದು ನೆನಪಾಗುತ್ತದಂತೆ. ನನಗೆ ರಕ್ತಕಣ ಎಣಿಸುವ ಯಂತ್ರದ್ದು. ಯಂತ್ರವೆಂದರೆ ದೊಡ್ಡದೇನಲ್ಲ, ಟೈಪ್‌ರೈಟರಿನ ಮರಿಯಂತಿತ್ತು. ಐದಾರು ಗುಂಡಿ, ಒಂದೊಂದು ಬಗೆಯ ಬಿಳಿ ರಕ್ತಕಣಕ್ಕೆ ಒಂದೊಂದು. ಕಣ್ಣು ಮೈಕ್ರೋಸ್ಕೋಪಿನಲ್ಲಿ, ಬೆರಳು ಗುಂಡಿಯ ಮೇಲೆ. ನೂರಾದೊಡನೆ ಅದೇ ಗಂಟೆ ಬಾರಿಸಿ ನಿಲ್ಲಿಸುತ್ತಿತ್ತು.

ಕಳೆದ ತಿಂಗಳು ಮೂರು ದಿನ ಬಿಡದೆ ಜ್ವರ ಬಂತು. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ರಸ್ತೆಯ ತುದಿಗೇ ಈಗ ಒಂದು ಲ್ಯಾಬ್ ಇದೆ, ಎಸಿ ಹಾಕಿದ್ದಾರೆ, ಕೂರಲು ಸೋಫಾ ಇದೆ. ಅಲ್ಲಿನ ಹುಡುಗಿ ನನ್ನ ಬೆರಳಿನ ಒಂದು ಹನಿಯನ್ನು ಪ್ಲಾಸ್ಟಿಕ್ ಕಾರ್ಡಿನ ಮೇಲೆ ಬಿಟ್ಟು, ಹದಿನೈದು ನಿಮಿಷಕ್ಕೆ ಮಲೇರಿಯಾ ಇಲ್ಲ ಆಂಟಿ ಎಂದಳು. ತೋಳಿನಿಂದ ತೆಗೆದ ರಕ್ತವನ್ನು ಒಂದು ಪೆಟ್ಟಿಗೆಗೆ ಕೊಟ್ಟಳು. ಅದು ಹೊಲಿಗೆ ಮಶೀನಿನ ಹಾಗೆ ಒಂದಿಷ್ಟು ಗುರ್ ಎಂದು ಕಾಗದ ಉಗುಳಿತು. ಎಣಿಸುವವರು ಯಾರು ಎಂದು ಕೇಳಿದೆ. ಯಾರೂ ಎಣಿಸುವುದಿಲ್ಲವಂತೆ. ಕಾಗದ ಹಿಡಿದುಕೊಂಡು ಮನೆಗೆ ಬಂದೆ. ಜ್ವರ ಇಳಿದರೂ ಕಾಶೀಬಾಯಿ ಮನಸ್ಸಿನಿಂದ ಇಳಿಯಲಿಲ್ಲ.

ಕಾಶೀಬಾಯಿ ಯಾರೆಂದು ಹೇಳುವ ಮೊದಲು ನನ್ನದೊಂದು ಮಾತು. ನಾನು ಹೈದರಾಬಾದಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದು ಓದಿದವಳು. ನಮ್ಮ ಬಯಾಲಜಿ ಸಿಸ್ಟರ್ ಒಬ್ಬರು ಈರುಳ್ಳಿ ಸಿಪ್ಪೆಯನ್ನು ಮೈಕ್ರೋಸ್ಕೋಪಿನಡಿ ತೋರಿಸಿ, ಲುಕ್ ಒನ್ಸ್, ದೆನ್ ಲುಕ್ ಅಗೇನ್ ಎನ್ನುತ್ತಿದ್ದರು. ನಾನು ಅದನ್ನೇ ವೃತ್ತಿ ಮಾಡಿಕೊಂಡೆ. ಕಲಬುರಗಿಗೆ ಮರಳಿ ಇಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದಾಗ ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಉರ್ದು ನಡೆಯುತ್ತಿತ್ತು, ಕನ್ನಡ ಮಾತ್ರ ಬೋರ್ಡಿಂಗಿನಿಂದ ರಜೆಗೆ ಬಂದ ಹುಡುಗಿಯ ಹಾಗೆ ಸಂಕೋಚದಿಂದ ಬಾಗಿಲಲ್ಲೇ ನಿಂತಿತ್ತು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲ ಹೋಯಿತು. ದಿನಕ್ಕೆ ಆರು ತಾಸು ಪರರ ರಕ್ತದೊಳಗೆ ಇಣುಕುವ ಹೆಂಗಸಿಗೆ ಮಾತಿಗೆ ಜೊತೆ ಯಾರು ಸಿಗುತ್ತಾರೆ ಹೇಳಿ. ಸಂಜೆ ರೂಮಿಗೆ ಬಂದು ಸ್ಟೋವಿನ ಮೇಲೆ ಅನ್ನಕ್ಕಿಟ್ಟರೆ ಅದು ಕುದಿಯುವುದೇ ಆ ಹೊತ್ತಿನ ಸಂಭಾಷಣೆ.

ನಮ್ಮ ಲ್ಯಾಬಿನ ಮೇಲಧಿಕಾರಿ ಡಾಕ್ಟರ್ ದೇಸಾಯಿಯವರಿಗೆ ಸಂಶೋಧನೆಯ ಹುಚ್ಚು. ಮಲೇರಿಯಾ ಪದೇ ಪದೇ ಬಂದವರ ಬಿಳಿ ರಕ್ತಕಣಗಳಿಗೆ ಏನಾಗುತ್ತದೆ, ಹೋರಾಡಿ ಹೋರಾಡಿ ಅವು ಒಂದು ದಿನ ಲಗಾಮು ಕಡಿದುಕೊಂಡು ಕ್ಯಾನ್ಸರ್ ಆಗಬಹುದೇ ಎಂಬುದು ಅವರ ಪ್ರಶ್ನೆ. ದೂರದ ದೇಶಗಳಲ್ಲಿ ಬೇರೊಂದು ಬಗೆಯ ಕ್ಯಾನ್ಸರಿಗೂ ಮಲೇರಿಯಾಕ್ಕೂ ನಂಟು ಕಂಡಿದ್ದರು; ನಮ್ಮ ಸೀಮೆಯಲ್ಲೂ ಏನಾದರೂ ಸಿಕ್ಕೀತೆಂದು ಇವರ ಆಸೆ. ಅದಕ್ಕಾಗಿ ಸುತ್ತಲಿನ ಊರುಗಳಿಂದ ಬರುವ ಜ್ವರದವರ ಸ್ಲೈಡುಗಳನ್ನು ಮಲೇರಿಯಾ ನೋಡಿ ಬದಿಗಿಡದೆ, ಬಿಳಿ ಕಣಗಳನ್ನೂ ಎಣಿಸಬೇಕೆಂದು ನನಗೆ ಹೇಳಿದ್ದರು.

ಕಮಲಾಪುರದ ಸ್ಲೈಡು ತರುವವಳೇ ಕಾಶೀಬಾಯಿ. ಅಲ್ಲಿನ ಆರೋಗ್ಯ ಕೇಂದ್ರದ ನರ್ಸಬಾಯಿ. ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ನಂಬರು ಬರೆದು, ರಜಿಸ್ಟರಿನಲ್ಲಿ ಹೆಸರು ಹಚ್ಚುವುದು ಅವಳ ಕೆಲಸ. ತಿಂಗಳಿಗೊಮ್ಮೆ ಹುಮನಾಬಾದ್ ಕಡೆಯ ಬಸ್ಸಿನಲ್ಲಿ ಸ್ಲೈಡಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದಳು, ಕೈಚೀಲದಲ್ಲಿ ಅವರೂರಿನ ಕೆಂಪು ಬಾಳೆಹಣ್ಣು. ನನ್ನನ್ನು ಮಿಸ್ ಬಾಯಾರ ಎಂದು ಕರೆಯುತ್ತಿದ್ದಳು. ಮರ್ಯಾದೆ ಎಷ್ಟು, ಚೇಷ್ಟೆ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಡಬ್ಬಿ ಒಪ್ಪಿಸಿದ ಮೇಲೆ ಇಬ್ಬರೂ ಮೋಮಿನಪುರದ ಒಂದು ಹೋಟೆಲಿಗೆ ಹೋಗಿ ಚಹಾ ಕುಡಿಯುವುದು ರೂಢಿಯಾಯಿತು. ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ಮೇಷ್ಟರಾದ ಗಂಡ, ಏಳನೆಯ ಇಯತ್ತೆ ಓದುವ ಮಗಳು, ರಕ್ತ ತೆಗೆದು ಶಹರದಲ್ಲಿ ಮಾರುತ್ತೀ ಎಂದು ಬಯ್ಯುವ ಮುದುಕಿಯರು. ಒಂದು ಕಪ್ ಚಹಾದಲ್ಲಿ ನನಗೆ ಒಂದು ತಿಂಗಳಿಗಾಗುವಷ್ಟು ಸಂಸಾರ ಸಿಗುತ್ತಿತ್ತು.

ಒಂದು ವರ್ಷ ತೊಗರಿ ಕೊಯ್ಲಿನ ಕಾಲಕ್ಕೆ ಬಂದ ಡಬ್ಬಿಯಲ್ಲಿ ಒಂದು ಸ್ಲೈಡು ನೋಡುತ್ತಿದ್ದೆ. ನನ್ನ ಬೆರಳು ನಿಂತುಬಿಟ್ಟಿತು. ಒಂದೆರಡು ಬಿಳಿ ಕಣ ಕಾಣಬೇಕಾದಲ್ಲಿ ಜಾತ್ರೆಯಂತೆ ನೆರೆದಿದ್ದವು. ಬಲಿತವು, ಅರೆಬಲಿತವು, ಎಲುಬಿನೊಳಗಿನ ಮಜ್ಜೆ ಬಿಟ್ಟು ಹೊರಗೆ ಬರಲೇಬಾರದ ಎಳಸು. ಅದು ರಕ್ತದ ಕ್ಯಾನ್ಸರ್. ಪುಸ್ತಕದಲ್ಲಿ ನೋಡಿದ್ದೆ, ರೋಗಿಗಳಲ್ಲಿಯೂ ಕಂಡಿದ್ದೆ. ಆದರೆ ಆ ಡಬ್ಬಿಯಲ್ಲಿ ಅಂಥವು ಏಳು ಇದ್ದವು. ಏಳು ಹೆಸರು, ಏಳು ಮನೆ, ಒಂದೇ ಊರು.

ದೇಸಾಯಿಯವರು ನನ್ನ ಸ್ಟೂಲಿನ ಮೇಲೆ ಕೂತು ಏಳನ್ನೂ ನೋಡಿದರು. ಎದ್ದಾಗ ಅವರ ಕಿವಿ ಕೆಂಪಾಗಿತ್ತು. ಏಳು ಜನರ ರಕ್ತವನ್ನು ಟ್ಯೂಬಿನಲ್ಲಿ ತಂದರೆ ಪೇಪರ್ ಬರೆಯೋಣ, ಯುವರ್ ನೇಮ್ ವಿಲ್ ಬಿ ದೇರ್ ಎಂದರು. ಅಂದು ರೂಮಿನಲ್ಲಿ ನನ್ನ ಹೆಸರು ಅಚ್ಚಿನಲ್ಲಿ ಹೇಗೆ ಕಾಣುತ್ತದೆಂದು ಹಾಲಿನ ಚೀಟಿಯ ಹಿಂದೆ ಬರೆದು ಬರೆದು ನೋಡಿದೆ. ಏಳು ಬೇರೆ ಬೇರೆ ಜನರ ರಕ್ತ ಅಷ್ಟೊಂದು ಒಂದೇ ತರಹ ಇರುವುದಿಲ್ಲವೆಂದು ನನಗೆ ತಿಳಿಯಬೇಕಿತ್ತು. ಸಿಸ್ಟರ್ ಹೇಳಿದಂತೆ ಇನ್ನೊಮ್ಮೆ ನೋಡಲಿಲ್ಲ. ನೋಡುವ ಮನಸ್ಸಿರಲಿಲ್ಲ.

ಐಸ್ ಹಾಕಿದ ಫ್ಲಾಸ್ಕಿನಲ್ಲಿ ಏಳು ಖಾಲಿ ಟ್ಯೂಬು ಇಟ್ಟುಕೊಂಡು ಕಮಲಾಪುರದ ಬಸ್ಸಿಳಿದಾಗ ಕಾಶೀಬಾಯಿ ನಿಂತಿದ್ದಳು. ಏಳು ಹೆಸರಿನ ಚೀಟಿ ಕೊಟ್ಟು ಈ ಮನೆ ತೋರಿಸು ಎಂದೆ, ಯಾಕೆಂದು ಹೇಳಲಿಲ್ಲ. ಅವಳು ಹೆಸರು ಓದಿ ಚೀಟಿ ಮಡಚಿ ಮುಂದೆ ನಡೆದಳು. ಬಿರುಸಿನ ನಡಿಗೆಯವಳು ಅವತ್ತು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು, ಎಡ ಪಕ್ಕೆಯ ಕೆಳಗೆ ಸೀರೆಯ ಬಿಗಿ ಸಡಿಲಿಸಿಕೊಳ್ಳುತ್ತಿದ್ದಳು. ಮೊದಲನೆಯ ಮನೆಗೆ ಕೀಲಿ. ಕೂಲಿಗೆ ಹೋದವರು ಬರುವುದು ಹೊತ್ತು ಮುಳುಗಿದ ಮೇಲೆ. ಕಟ್ಟೆಯ ಮೇಲೆ ಕೂತೆವು.

“ಮಿಸ್ ಬಾಯಾರ, ಆ ಏಳೂ ಮಂದಿ ನಾನಽ ರೀ” ಎಂದಳು.

ಎಡಗೈ ಚಾಚಿದಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಮೇಲಿನವರು ತಿಂಗಳಿಗೆ ಇಷ್ಟು ಸ್ಲೈಡು ಬೇಕೆಂದು ಗೊತ್ತು ಮಾಡಿದ್ದರು. ಕೊಯ್ಲಿನ ಕಾಲಕ್ಕೆ ಮನೆಗಳಿಗೆಲ್ಲ ಕೀಲಿ, ಇದ್ದವರು ಬೆರಳು ಕೊಡರು. ಕಡಿಮೆ ಬಿದ್ದಷ್ಟನ್ನು ತನ್ನ ಬೆರಳಿನಿಂದ ತುಂಬಿದ್ದಳು, ಹೆಸರು ಮಾತ್ರ ಕೀಲಿ ಹಾಕಿದ ಮನೆಗಳದ್ದು.

ಇಲ್ಲಿ ನನಗೆ ಮೊದಲು ಏನನ್ನಿಸಿತೆಂದು ನಿಮ್ಮೆದುರು ಮುಚ್ಚಿಡುವುದಿಲ್ಲ. ನನ್ನ ಪೇಪರ್ ಹೋಯಿತು ಎನ್ನಿಸಿತು. ಸಿಟ್ಟಿನಲ್ಲಿ ಇಂಗ್ಲಿಷಿನಲ್ಲಿ ಬಯ್ದೆ, ಹೌ ಕುಡ್ ಯೂ ಎಂದೆ, ಇನ್ನೂ ಏನೇನೋ ಎಂದೆ.

“ಇಂಗ್ಲಿಷ್‌ನ್ಯಾಗ ಬೈದ್ರ ನನಗ ಹತ್ತಂಗಿಲ್ರಿ” ಎಂದು ಅವಳು ನಕ್ಕಳು. ಆಮೇಲೆ ಮೆತ್ತಗೆ, “ನನ್ನ ನೌಕ್ರಿ ಹೋಗ್ತದೇನ್ರಿ?” ಎಂದು ಕೇಳಿದಳು.

ಆಗ ಹೊಳೆಯಿತು. ಏಳು ರೋಗಿಗಳು ಇಲ್ಲವೆಂದರೆ ಒಬ್ಬಳಿದ್ದಾಳೆ. ಅವಳು ನನ್ನ ಪಕ್ಕದಲ್ಲಿ ಕೂತು ನೌಕರಿಯ ಚಿಂತೆ ಮಾಡುತ್ತಿದ್ದಾಳೆ. ನೌಕರಿ ಹೋಗದಂತೆ ನೋಡಿಕೊಳ್ಳುತ್ತೇನೆ ಎಂದೆ. ಫ್ಲಾಸ್ಕಿನಿಂದ ಒಂದು ಟ್ಯೂಬು ತೆಗೆದು, “ತೋಳು ಕೊಡು ಕಾಶಿ. ಈ ಸಲ ನಿನ್ನ ಹೆಸರಽ ಬರೀತೀನಿ” ಎಂದೆ. ಯಾಕೆಂದು ಅವಳು ಕೇಳಲಿಲ್ಲ, ತೋಳು ಕೊಟ್ಟಳು. ಉಳಿದ ಆರು ಟ್ಯೂಬು ಖಾಲಿಯಾಗಿಯೇ ಕಲಬುರಗಿಗೆ ಮರಳಿದವು.

ದೇಸಾಯಿಯವರಿಗೆ ಇದ್ದದ್ದನ್ನೆಲ್ಲ ಹೇಳಿದೆ. ಅವರು ದೊಡ್ಡ ಮನುಷ್ಯರು. ಏಳು ಸ್ಲೈಡುಗಳ ಮುಂದೆ ‘ಪರೀಕ್ಷೆಗೆ ಯೋಗ್ಯವಲ್ಲ’ ಎಂದು ಬರೆದು ಪೇಪರಿನ ಮಾತು ಮತ್ತೆ ಎತ್ತಲಿಲ್ಲ. ಕಾಶಿಯ ಗಂಡನನ್ನು ಕರೆಸಿ ರೋಗದ ಹೆಸರು ಹೇಳಿದರು. ಗಂಡ ಅವಳಿಗೆ ಹೇಳಬೇಡಿರೆಂದು ಕೈಮುಗಿದ. ಆಗಿನ ರೀತಿಯೇ ಹಾಗೆ: ಇಂಥ ರೋಗವನ್ನು ಮನೆಯವರಿಗೆ ಹೇಳಬೇಕು, ರೋಗಿಗೆ ಹೇಳಬಾರದು. ರಕ್ತ ಕಡಿಮೆ ಇದೆ, ಗುಳಿಗೆ ತಗೊ, ತಿಂಗಳಿಗೊಮ್ಮೆ ಬಂದು ತೋರಿಸು ಎಂದು ಅವಳಿಗೆ ಹೇಳುವ ಪಾಲು ನನಗೆ ಬಂತು.

ಈಗ ಆ ರೋಗಕ್ಕೆ ಬೇರೆಯೇ ಗುಳಿಗೆ ಇದೆ. ಕೆಟ್ಟ ಕಣಕ್ಕೆ ಬೆಳೆ ಬೆಳೆ ಎಂದು ಆಜ್ಞೆ ಕೊಡುವ ಒಂದು ಪ್ರೋಟೀನನ್ನು ಹುಡುಕಿ ಅದರ ಬಾಯಿ ಕಟ್ಟಿದ್ದಾರೆ. ದಿನಾ ನುಂಗಿಕೊಂಡು ಜನ ನೌಕರಿ ಮಾಡುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ. ದಿನಪತ್ರಿಕೆಯಲ್ಲಿ ಅದರ ಸುದ್ದಿ ಮೊದಲ ಸಲ ಓದಿದ ದಿನ ನಾನು ಊಟ ಮಾಡಲಿಲ್ಲ. ಕಾಶಿಯ ಕಾಲದಲ್ಲಿದ್ದ ಗುಳಿಗೆ ಕಣಗಳನ್ನು ಒಂದಿಷ್ಟು ದಿನ ಹದ್ದುಬಸ್ತಿನಲ್ಲಿಡುತ್ತಿತ್ತು, ಅಷ್ಟೇ.

ಎರಡು ವರ್ಷ ಅವಳು ತಿಂಗಳು ತಪ್ಪದೆ ಬಂದಳು. ನಾನು ಎಣಿಸುತ್ತಿದ್ದೆ; ಚೊಲೋ ಅದ ಕಾಶಿ ಎನ್ನುತ್ತಿದ್ದೆ, ಅವಳ ಕಾರ್ಡಿನಲ್ಲೂ ಹಾಗೆಯೇ ಬರೆಯುತ್ತಿದ್ದೆ. ಮೊದಮೊದಲು ಅದು ನಿಜವೂ ಆಗಿತ್ತು. ಚಹಾ ಕುಡಿದು ಬಸ್ಸು ಹತ್ತಿಸಿ ಬರುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅವಳ ರೋಗ ನನಗೊಂದು ಜೊತೆ ಕೊಟ್ಟಿತ್ತು. ಸುಳ್ಳು ಹೇಳಿದ್ದು ಅವಳಿಗಾಗಿಯೇ ಎಂದು ಪೂರ್ತಿ ನಂಬಲು ನನಗೆ ಇಂದಿಗೂ ಆಗಿಲ್ಲ. ನಿಜ ಹೇಳಿದರೆ ಮುಂದಿನ ತಿಂಗಳು ಬಾರದೆ ಹೋದಾಳು ಎಂಬ ಹೆದರಿಕೆ ನನ್ನದೇ.

ಎರಡನೆಯ ವರ್ಷದ ಕೊನೆಗೆ ಒಂದು ಮಧ್ಯಾಹ್ನ ಎಣಿಸಿದೆ. ನೂರರಲ್ಲಿ ಹೆಚ್ಚಿನವು ಎಳಸು ಕಣಗಳೇ. ಗುಳಿಗೆಯ ಹಿಡಿತ ತಪ್ಪಿದೆ ಎಂದು ಅದರರ್ಥ. ಇನ್ನೊಮ್ಮೆ ಎಣಿಸಿದೆ. ಅದೇ. ಹೊರಗೆ ಬೆಂಚಿನ ಮೇಲಿದ್ದವಳಿಗೆ ಚೊಲೋ ಅದ ಎಂದು ಹೇಳಿ ಕಾರ್ಡು ಕೊಟ್ಟೆ. ಅವತ್ತು ಚಹಾ ಬೇಡವೆಂದಳು. ಬಸ್ ಸ್ಟ್ಯಾಂಡಿಗೆ ಹೋದೆವು. ಕಿಟಕಿಯ ಪಕ್ಕ ಕೂತು, ಕೆಳಗೆ ನಿಂತ ನನ್ನ ಮುಂದೆ ಕಾರ್ಡು ಹಿಡಿದಳು.

“ನಾನೂ ಸುಳ್ಳ ಬರದಾಕಿ ರೀ, ನನಗ ಗೊತ್ತಾಗ್ತದ. ಖರೇ ಬರೀಬೇಕಾದ್ರ ಪೆನ್ ನಡು ನಡು ನಿಂದರ್ತದ. ಸುಳ್ಳ ಬರಿಯಾಗ ಸರ್ ಅಂತ ಹೋಗ್ತದ. ಇದರಾಗ ನಿಮ್ಮ ಪೆನ್ ಎಲ್ಲೂ ನಿಂತಿಲ್ಲ.”

ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ.

“ಮಗಳಿನ್ನೂ ಸಣ್ಣಾಕಿ ಅದಾಳ. ನನಗ ಮಾಡಿ ಮುಗಸೋ ಕೆಲಸ ಅವ. ಟೈಮ್ ಎಷ್ಟದ ಅಂತ ಯಾರೂ ಹೇಳವಲ್ಲರು.”

ಕಂಡಕ್ಟರ್ ಬಾಗಿಲು ಬಡಿದ. ನಾನು ಬಸ್ಸು ಹತ್ತಿದೆ. ಅವಳ ಪಕ್ಕ ಕೂತು ಟಿಕೆಟ್ ತೆಗೆದುಕೊಂಡೆ, ಮಹಾಗಾಂವ್ ಕ್ರಾಸಿಗೆ. ಊರು ದಾಟಿದ ಮೇಲೆ ಬಾಯಿ ತೆರೆದರೆ ಬಂದದ್ದು ಇಂಗ್ಲಿಷ್. ಅದರಲ್ಲಿ ರೋಗದ ಹೆಸರು ಉದ್ದಕ್ಕಿದೆ, ಹೇಳುವವರಿಗೆ ಅಡಗಿಕೊಳ್ಳಲು ಜಾಗವಿದೆ. ಅವಳು ನನ್ನ ಮೊಣಕೈ ಮುಟ್ಟಿ, “ಕನ್ನಡದಾಗ ಹೇಳ್ರಿ” ಎಂದಳು.

ಹೇಳಿದೆ. ನಿನ್ನ ರಕ್ತಕ್ಕೆ ಕ್ಯಾನ್ಸರ್ ಆಗ್ಯಾದ ಕಾಶಿ. ಆ ಏಳು ಸ್ಲೈಡು ನೋಡಿದಾಗಿಂದ ನನಗ ಗೊತ್ತದ. ಇಲ್ಲೀತನ ಗುಳಿಗಿ ತಡದಿತ್ತು, ಇನ್ನ ತಡಿಯಂಗಿಲ್ಲ. ಕೆಲವು ತಿಂಗಳು. ನನ್ನ ಕನ್ನಡದಲ್ಲಿ ಇದಕ್ಕಿಂತ ಮೆತ್ತಗಿನ ಮಾತು ಇರಲಿಲ್ಲ. ಅವಳು ಕಿಟಕಿಯಾಚೆಯ ಕರಿ ಹೊಲಗಳನ್ನು ನೋಡುತ್ತ ಕೇಳಿದಳು. ಗಂಡನಿಗೆ ಗೊತ್ತೇ ಎಂದು ಕೇಳಿದಳು, ಹೌದೆಂದೆ. ಪಾಪ, ಎರಡು ವರ್ಷ ಹೆಂಗ ಸುಮ್ಮನಿದ್ದಾರೋ ಎಂದಳು. ನನ್ನ ಬಗ್ಗೆ ಏನೂ ಅನ್ನಲಿಲ್ಲ.

ಮಹಾಗಾಂವ್ ಕ್ರಾಸ್ ಬಂತು. ಕಮಲಾಪುರದವರೆಗೂ ಬರಲೇ ಎಂದೆ. ಬೇಡ ರೀ, ಒಬ್ಬಾಕಿನೇ ಕೂತು ಒಂದಿಷ್ಟು ವಿಚಾರ ಮಾಡ್ತೀನಿ ಎಂದಳು. ಮುಂದಿನ ತಿಂಗಳು ಅವಳು ಬರಲಿಲ್ಲ, ತೀರಿಕೊಂಡ ಸುದ್ದಿ ಬಂತು. ನಾನು ಮಣ್ಣಿಗೂ ಹೋಗಲಿಲ್ಲ. ಅಂಜಿದೆ.

ಅವತ್ತು ನಾನು ಇಳಿದು ರಸ್ತೆಯ ಬದಿ ನಿಂತಾಗ ಕೂಸನ್ನೆತ್ತಿಕೊಂಡ ಒಬ್ಬ ಹೆಂಗಸು ಹತ್ತಿದಳು, ನಾನು ಬಿಟ್ಟೆದ್ದ ಜಾಗದಲ್ಲಿ ಕೂತಳು. ಬಸ್ಸು ಅಲುಗಿತು. ಕಾಶಿ ನನ್ನ ಕಡೆ ತಿರುಗಲಿಲ್ಲ. ಆ ಹೆಂಗಸಿಗೆ ಏನೋ ಕೇಳುತ್ತ, ಕೂಸಿನ ಹಣೆಯ ಮೇಲೆ ಕೈಯ ಹಿಂಬದಿ ಇಟ್ಟು ಜ್ವರ ನೋಡುತ್ತಿದ್ದಳು.