ಮಾವನ ಕೈಯಲ್ಲಿ ಉಳಿದ ಪ್ರೂಫ್

೧೯೬೨ರಲ್ಲಿ ನಾನು ಕುಮಟೆಯ ಒಂದು ಮುದ್ರಣಾಲಯದಲ್ಲಿ ಕಂಪೋಸಿಟರ್ ಆಗಿದ್ದೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ, ಸಾಲು ಕಟ್ಟಿ, ಪುಟ ಮಾಡುವುದು ನಮ್ಮ ಕೆಲಸ. ಆ ಶಾಯಿಯ ವಾಸನೆ ನೆನೆದರೆ ಈಗಲೂ ಜೀವ ಹಗುರಾಗುತ್ತದೆ. ಅಲ್ಲಿ ಒಂದೇ ಕಟ್ಟುನಿಟ್ಟು: ಅಚ್ಚಾಗುವ ಮೊದಲು ಒಂದು ಹಾಳೆಯೂ ಹೊರಗೆ ಹೋಗಕೂಡದು.

ಶಾಲಾ ಮಾಸ್ತರರಾಗಿದ್ದ ನಾಯ್ಕರ ಮೊದಲ ಕಥಾಸಂಕಲನ ನನ್ನ ಪಾಲಿಗೆ ಬಂತು. ನಮ್ಮ ಕಡೆ ದೇವರಲ್ಲಿ ಪ್ರಸಾದ ಕೇಳುವ ಪದ್ಧತಿಯಿದೆ. ಒದ್ದೆ ಮಾಡಿದ ಹೂವಿನ ಎಸಳನ್ನು ಮೂರ್ತಿಯ ಎಡಕ್ಕೂ ಬಲಕ್ಕೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ. ಒಂದು ಕಥೆಯ ಅರ್ಚಕ, ಬಲದ ಎಸಳಿಗೆ ನೀರು ಹೆಚ್ಚು ಹಚ್ಚಿ ತನಗೆ ಬೇಕಾದ ಅಪ್ಪಣೆ ಪಡೆಯುತ್ತಿದ್ದ. ಓದುತ್ತಲೇ ನನಗೆ ಗುರುತು ಸಿಕ್ಕಿತು. ಹೊನ್ನಾವರದ ಆಚೆಯ ಗುಡಿಯಲ್ಲಿ ಮೂವತ್ತು ವರ್ಷದಿಂದ ಪ್ರಸಾದದ ಎಸಳು ಹಚ್ಚುತ್ತಿದ್ದವರು ನನ್ನ ಸೋದರಮಾವ ಶಿವರಾಮ ಭಟ್ಟರು.

ತಪ್ಪು ಅಲ್ಲಿಯೇ ಮಾಡಿದೆ. ಭಾನುವಾರ ಲಾಂಚಿನಲ್ಲಿ ಶರಾವತಿ ದಾಟಿ, ತಿದ್ದುವುದಕ್ಕೆಂದು ತೆಗೆದ ಆ ಕಥೆಯ ಪ್ರೂಫನ್ನು ಮಾವನ ಕೈಗೆ ಕೊಟ್ಟುಬಂದೆ. ಅವರು ಓದಿದರು, ಮಡಚಿಟ್ಟರು, ಊಟಕ್ಕೆ ಏಳು ಎಂದರು. ಅಷ್ಟೇ.

ಸುದ್ದಿ ಊರಿಗೆ ಹಬ್ಬಿ, ಜನ ಪ್ರೆಸ್ಸಿಗೆ ಬರುತ್ತಾರಂತೆ ಎಂದು ಕೇಳಿದಾಗ ನನಗೆ ದಿಗಿಲಾಯಿತು. ಯಾರನ್ನೂ ಕೇಳದೆ ಆ ಕಥೆಯ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಸುರಿದೆ. ಹಸ್ತಪ್ರತಿಯನ್ನು ಬಚ್ಚಲ ಒಲೆಗೆ ಹಾಕಿದೆ. ಮಾಸ್ತರರ ಬಳಿ ಇನ್ನೊಂದು ಪ್ರತಿ ಇಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ.

ಮರುದಿನ ಹತ್ತು ಜನರೊಂದಿಗೆ ಮಾವ ಬಂದರು. ಪ್ರೆಸ್ಸಿನ ಮಾಲಕರು ಮಾಸ್ತರರನ್ನು ಕರೆಸಿದರು.

"ಇದ್ರಲ್ಲಿ ಎಂತಾ ಜಗಳ? ಅಚ್ಚು ಹಾಕ್ಬೇಕೋ ಬ್ಯಾಡ್ವೋ ದೇವ್ರನ್ನೇ ಕೇಳುವ" ಎಂದರು ಬಂದವರಲ್ಲಿ ಒಬ್ಬರು.

ಮಾಸ್ತರರು ಹೇಳಿದರು: "ಹೂ ಯಾವ ಬದಿಗೆ ಬಿದ್ರೂ ಕಥೆ ನಂದೇ."

ಮಾವ ತಲೆಯಾಡಿಸಿದರು. "ಬ್ಯಾಡ. ಕಥೆ ಇರೂದೇ ನನ್ನ ಬೆರಳಿನ ಬಗ್ಗೆ. ಅದೇ ಬೆರಳಲ್ಲಿ ನಾ ಹೂ ಹಚ್ಚೂದಿಲ್ಲ."

ಆಗ ನಾನು, ಎಲ್ಲರಿಗೂ ಉಪಕಾರ ಮಾಡಿದವನ ಹಾಗೆ, ಕಥೆಯನ್ನು ಸುಟ್ಟಾಯಿತು ಎಂದೆ. ಬಂದವರು "ಆತು, ಶನಿ ಬಿಡ್ತು" ಎಂದು ಎದ್ದರು. ಮಾಸ್ತರರು ಗೋಡೆಗೆ ಒರಗಿ ಕುಳಿತುಬಿಟ್ಟರು. ಆ ಮುಖ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮಾವ ನನ್ನತ್ತ ತಿರುಗಿ ಮನೆಮಾತಿನಲ್ಲಿ ಕೇಳಿದರು. "ತಮಾ, ಯಾರು ಹೇಳಿದ್ದು ನಿಂಗೆ? ಯಂಗೆ ಸಿಟ್ಟು ಇದ್ದು. ಸುಡು ಹೇಳಿ ಹೇಳಿದ್ನಿಲ್ಲೆ."

ಚೀಲದಿಂದ ಆ ಪ್ರೂಫ್ ತೆಗೆದು ಮಾಸ್ತರರ ಮಡಿಲಲ್ಲಿಟ್ಟು ಹೊರಟುಹೋದರು. ಲೋಕದಲ್ಲಿ ಉಳಿದಿದ್ದ ಒಂದೇ ಪ್ರತಿ ಅದು.

ಎರಡನೇ ಸಲ ಮೊಳೆ ಜೋಡಿಸುವಾಗ ಅಂಚಿನಲ್ಲಿ ಮಾವನ ಪೆನ್ಸಿಲ್ ಅಕ್ಷರ ಕಂಡಿತು: "ನೀರು ಹೆಚ್ಚಾದರೆ ಎಸಳು ಅಂಟಿಕೊಳ್ಳುತ್ತದೆ. ಬೇಗ ಒಣಗಿದ್ದೇ ಮೊದಲು ಬೀಳುವುದು. ತಿದ್ದಬೇಕು."

ಮಾಸ್ತರರು ನಕ್ಕು ತಿದ್ದಿಕೊಂಡರು, ಪುಸ್ತಕ ಅಚ್ಚಾಯಿತು. ನಿಮಗೆ ಹೇಗೆ ಗೊತ್ತು ಎಂದು ಮಾವನನ್ನು ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಬರೆಯುವವನು ನೋಯಿಸಬಹುದು, ನೊಂದವನು ಸಿಟ್ಟಾಗಬಹುದು, ಅಂಚಿನಲ್ಲಿ ಉತ್ತರ ಬರೆಯಬಹುದು. ಒಲೆಯನ್ನು ನಡುವೆ ತರುವ ಅಧಿಕಾರ ಯಾರಿಗೂ ಇಲ್ಲ, ಮೊಳೆ ಜೋಡಿಸುವವನಿಗಂತೂ ಇಲ್ಲವೇ ಇಲ್ಲ. ವೃತ್ತಿ ನನಗೆ ಕಲಿಸಿದ್ದು ಇದು. ಮಾವ ಸಾಯುವತನಕ ಮಾಸ್ತರರೊಡನೆ ಮಾತಾಡಲಿಲ್ಲ. ಮಾವ ತೀರಿಹೋದ ಮೇಲೆ ಅವರ ದೇವರ ಕೋಣೆ ಗುಡಿಸುವಾಗ, ಪಂಚಾಂಗಗಳ ಕೆಳಗೆ ಆ ಪುಸ್ತಕ ಸಿಕ್ಕಿತು. ಆ ಕಥೆಯ ಪುಟದಲ್ಲಿ ಒಣಗಿದ ಒಂದು ಎಸಳಿತ್ತು.